ಲಾಂಛನಕ್ಕೆ ನೂರು ವರ್ಷ, ಗೇರ್‌ಬಾಕ್ಸಿಗೆ ಎಂಟು: ದಾವಣಗೆರೆಯ ಓದುಗರೊಬ್ಬರ ಕಾರಿನ ಪ್ರಶ್ನೆಗೆ ಉತ್ತರ

ದಾವಣಗೆರೆಯ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರವನ್ನು ಅವರದೇ ಮಾತಿನಲ್ಲಿ ಕೆಳಗೆ ಕೊಟ್ಟಿದ್ದೇನೆ. ಕಾರಿನ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಏಕೆಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

“ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ತಂದೆಯವರು 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇಂದಿಗೂ ಮನೆಯ ಶೆಡ್ಡಿನಲ್ಲಿದೆ. ಆಯುಧಪೂಜೆಗೆ ಬ್ಯಾಟರಿ ಜೋಡಿಸಿದರೆ ಎರಡನೆಯ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಯುರೋಪಿನ ಗಾಡಿ ಎಂದರೆ ಗಟ್ಟಿ ಎಂಬ ನಂಬಿಕೆ ನನಗೆ ಅಲ್ಲಿಂದಲೇ ಬಂದದ್ದು. ಹತ್ತೊಂಬತ್ತು ತಿಂಗಳ ಹಿಂದೆ, ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿರುವ ಯುರೋಪಿನ ಕಂಪನಿಯೊಂದರ 2017ರ ಪೆಟ್ರೋಲ್ ಆಟೊಮ್ಯಾಟಿಕ್ ಸೆಡಾನನ್ನು ಬೆಂಗಳೂರಿನ ಹಳೆ ಕಾರು ಮಾರಾಟಗಾರರಿಂದ 7,40,000 ರೂಪಾಯಿಗೆ ತಂದೆ. ಆಗ 58,000 ಕಿಲೋಮೀಟರ್ ಓಡಿತ್ತು, ಈಗ 71,000. ಇಷ್ಟರಲ್ಲಿ ಬ್ಯಾಟರಿಗೆ 7,500, ವೈರಿಂಗ್ ದುರಸ್ತಿಗೆ 18,000, ಕೂಲಂಟ್ ಸೋರಿಕೆಗೆ 32,000, ಕ್ಲಚ್ ಸೆಟ್ಟಿಗೆ 98,500, ಎರಡು ಸಲ ಹುಬ್ಬಳ್ಳಿಗೆ ಎಳೆಸಿಕೊಂಡು ಹೋದದ್ದಕ್ಕೆ 30,000, ಒಟ್ಟು 1,86,000 ರೂಪಾಯಿ ಕೊಟ್ಟಿದ್ದೇನೆ. ಮೊದಲ ಸಲ ಗೇರ್ ಸೂಚಕ ಮಿಣುಕಿದ್ದು ಕೊಂಡ ಐದನೆಯ ತಿಂಗಳಲ್ಲಿ. ಕ್ಲಚ್ ಬದಲಿಸಿದ ನಾಲ್ಕೇ ತಿಂಗಳಿಗೆ ಮತ್ತೆ ಮಿಣುಕತೊಡಗಿತು. ಮೊದಲ ಗೇರಿನಲ್ಲಿ ಕಾರು ನಡುಗುತ್ತದೆ, ಒಮ್ಮೊಮ್ಮೆ ರಿವರ್ಸ್ ಬೀಳುವುದೇ ಇಲ್ಲ. ಈಗ ಗೇರ್‌ಬಾಕ್ಸನ್ನು ಆಳುವ ಮೆಕಾಟ್ರಾನಿಕ್ ಘಟಕವನ್ನೇ ಹೊಸದು ಹಾಕಬೇಕು, 2,35,000 ಆಗುತ್ತದೆ ಎನ್ನುತ್ತಿದ್ದಾರೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬಂತಾಗಿದೆ. ರಿಪೇರಿ ಮಾಡಿಸಲೇ, ಮಾರಲೇ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಲೇ? ಎಥೆನಾಲ್ ಪೆಟ್ರೋಲಿನಿಂದ ಹೀಗಾಗಿದೆ ಎಂದೂ ಕೆಲವರು ಹೇಳುತ್ತಾರೆ. ಇಷ್ಟು ದೊಡ್ಡ ಪರಂಪರೆಯ ಕಂಪನಿ ಹೀಗೇಕಾಯಿತು? ಇದಕ್ಕಿಂತ ತಂದೆಯವರ ಪದ್ಮಿನಿಯನ್ನೇ ದಿನಾ ಓಡಿಸುವುದು ವಾಸಿಯೇ?”

ಪತ್ರದಲ್ಲಿ ಹಣದ ಲೆಕ್ಕಕ್ಕಿಂತ ನಂಬಿಕೆ ಮುರಿದ ನೋವೇ ಹೆಚ್ಚಾಗಿ ಕಂಡಿತು. ಅದು ಸಹಜ. ಆದರೆ ಕೊನೆಗೆ ತೀರ್ಮಾನಿಸಬೇಕಾದದ್ದು 2,35,000 ರೂಪಾಯಿಯ ಪ್ರಶ್ನೆಯಾದ್ದರಿಂದ, ಪತ್ರ ಓದಿ ಉತ್ತರ ಬರೆಯುವ ಬದಲು ಒಂದು ಬೆಳಗ್ಗೆ ಕಾರನ್ನು ನನ್ನ ಗ್ಯಾರೇಜಿಗೆ ತರಲು ಹೇಳಿದೆ. ಪಿ.ಬಿ. ರಸ್ತೆಯ ಬದಿಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಗ್ಯಾರೇಜು ನಡೆಸಿದ ನನಗೆ ಒಂದು ಅಭ್ಯಾಸ ಉಳಿದುಕೊಂಡಿದೆ: ಮಾಲೀಕರ ದೂರನ್ನು ಕೇಳಿದ ಮೇಲೆ ಬಿಲ್ಲುಗಳನ್ನು ಕೇಳುತ್ತೇನೆ, ಬಿಲ್ಲು ನೋಡಿದ ಮೇಲೆ ಬಾನೆಟ್ ಎತ್ತುತ್ತೇನೆ.

ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದಾಗ ಅದರ ತಳದಲ್ಲಿ ನಾಲ್ಕು ಮೆಕ್ಕೆಜೋಳದ ಕಾಳುಗಳು ಮತ್ತು ಇಲಿಯ ಹಿಕ್ಕೆ ಸಿಕ್ಕವು. ಕಾರು ರಾತ್ರಿ ನಿಲ್ಲುವುದು ಗೋದಾಮಿನ ಗೋಡೆಗೆ ಒತ್ತಿಕೊಂಡಿರುವ ಶೆಡ್ಡಿನಲ್ಲಿ. ಅಲ್ಲಿಗೆ 18,000 ರೂಪಾಯಿಯ ವೈರಿಂಗ್ ಬಿಲ್ಲು ಯಾರ ಲೆಕ್ಕಕ್ಕೆ ಹೋಗಬೇಕೆಂಬುದು ಗೊತ್ತಾಯಿತು. ಹೊಸ ಕಾರುಗಳ ವೈರಿನ ಹೊದಿಕೆಗೆ ಸೋಯಾ ಬಳಸುತ್ತಾರೆ, ಅದಕ್ಕೇ ಇಲಿ ಕಡಿಯುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಇಲಿಯ ಮುಂದಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಏನನ್ನಾದರೂ ಕಡಿಯುತ್ತಿರಲೇಬೇಕು; ಗೋದಾಮಿನ ಪಕ್ಕದ ಬೆಚ್ಚಗಿನ ಎಂಜಿನ್ ಕೋಣೆಯಲ್ಲಿ ಸೋಯಾ ಇದ್ದರೂ ಇಲ್ಲದಿದ್ದರೂ ಅದು ವೈರನ್ನು ಬಿಡುವುದಿಲ್ಲ. ಇದರಲ್ಲಿ ಜರ್ಮನಿ, ಜಪಾನ್, ಕೊರಿಯಾ ಎಂಬ ಭೇದವೂ ಅದಕ್ಕಿಲ್ಲ.

ಬ್ಯಾಟರಿಯದು ಇನ್ನೊಂದು ಕಥೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗಿ, ಬ್ರೇಕಿನಿಂದ ಕಾಲು ತೆಗೆದಾಗ ಮತ್ತೆ ಆನ್ ಆಗುವ ಸೌಲಭ್ಯ ಈ ಕಾರಿಗಿದೆ. ಅಂತಹ ಕಾರಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳಿಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯ ಬ್ಯಾಟರಿ ಬೇಕು. ಇವರಿಗೆ ಹಾಕಿಕೊಟ್ಟಿರುವುದು ಅದೇ ಅಳತೆಯ ಸಾಧಾರಣ ಬ್ಯಾಟರಿ. ನಾನು ಅಳೆದಾಗ ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ವೋಲ್ಟೇಜ್ 9ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಹತ್ತಾರು ಕಂಪ್ಯೂಟರ್ ಘಟಕಗಳಿರುವ ಕಾರಿನಲ್ಲಿ ವೋಲ್ಟೇಜ್ ಹೀಗೆ ಕುಸಿದರೆ ಒಂದೊಂದು ಘಟಕವೂ ಒಂದೊಂದು ದೋಷದ ಸಂಕೇತವನ್ನು ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಜೋಡಿಸಿದ ಹುಡುಗ ಪರದೆಯ ಮೇಲೆ ಹದಿನಾಲ್ಕು ದೋಷಗಳನ್ನು ಕಂಡು ಗಾಬರಿಯಾಗುತ್ತಾನೆ, ಮಾಲೀಕರು ಅವನಿಗಿಂತ ಹೆಚ್ಚು ಗಾಬರಿಯಾಗುತ್ತಾರೆ. ಸ್ಕ್ಯಾನರ್ ತೋರಿಸುವುದು ಘಟಕದ ದೂರನ್ನು, ಕಾರಣವನ್ನಲ್ಲ. ಆಧುನಿಕ ಕಾರಿನ ಯಾವ ಪರೀಕ್ಷೆಯೂ ಬ್ಯಾಟರಿ ಮತ್ತು ಅರ್ಥಿಂಗ್ ತಂತಿಯಿಂದ ಶುರುವಾಗಬೇಕು ಎಂದು ನಾನು ಹುಡುಗರಿಗೆ ಹೇಳಿ ಹೇಳಿ ಸಾಕಾಗಿದ್ದೇನೆ.

ಕೂಲಂಟ್ ಸೋರಿಕೆಯಲ್ಲಿ ಕಂಪನಿಗೂ ಪಾಲಿದೆ, ನಮಗೂ ಪಾಲಿದೆ. ತೂಕ ಮತ್ತು ಖರ್ಚು ಇಳಿಸಲು ಥರ್ಮೋಸ್ಟಾಟಿನ ಕವಚವನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುವುದು ಈಗ ಬಹುತೇಕ ಎಲ್ಲ ಕಂಪನಿಗಳ ಪದ್ಧತಿ. ಬಿಸಿಯಾಗಿ ತಣ್ಣಗಾಗಿ ಏಳೆಂಟು ವರ್ಷಕ್ಕೆ ಅದು ಪೆಡಸಾಗಿ ಸೀಳುತ್ತದೆ. ಆದರೆ ಮಟ್ಟ ಇಳಿದಾಗಲೆಲ್ಲ ಇವರ ಚಾಲಕ ಬೋರ್‌ವೆಲ್ ನೀರನ್ನು ತುಂಬಿದ್ದಾನೆ. ನಮ್ಮ ಭಾಗದ ಗಡಸು ನೀರು ಮನೆಯ ಗೀಸರಿಗೆ ಏನು ಮಾಡುತ್ತದೆ ಎಂಬುದನ್ನು ಬಲ್ಲವರಿಗೆ ರೇಡಿಯೇಟರಿಗೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮುಖ್ಯ ರೋಗ, ಗೇರ್‌ಬಾಕ್ಸು. ಇದನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು, ಏಕೆಂದರೆ ಓದುಗರು ಕೊಟ್ಟ 98,500 ರೂಪಾಯಿ ಬಹುಶಃ ತಪ್ಪು ಜಾಗಕ್ಕೆ ಹೋಗಿದೆ.

ಈ ಕಾರಿನದು ಏಳು ಗೇರುಗಳ, ಎರಡು ಒಣ ಕ್ಲಚ್‌ಗಳ ಗೇರ್‌ಬಾಕ್ಸು. ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6 ಮತ್ತು ರಿವರ್ಸನ್ನು ನೋಡಿಕೊಳ್ಳುತ್ತದೆ. ಕಾರು ಮೂರನೇ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ಹೆದ್ದಾರಿಯಲ್ಲಿ ಇದರಷ್ಟು ಸೊಗಸಾಗಿ ಗೇರ್ ಬದಲಿಸುವ ಯಂತ್ರ ಇನ್ನೊಂದಿಲ್ಲ ಎಂದರೂ ಸಲ್ಲುತ್ತದೆ, ಇಂಧನವೂ ಉಳಿಯುತ್ತದೆ. ತೊಡಕಿರುವುದು ‘ಒಣ’ ಎಂಬ ಪದದಲ್ಲಿ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನ ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಒಣ ಕ್ಲಚ್ಚಿನ ಬಿಸಿ ಗಾಳಿಗೆ ಹೋಗಬೇಕು. ಸಾಧಾರಣ ಆಟೊಮ್ಯಾಟಿಕ್‌ನಲ್ಲಿ ಕಾರು ತೆವಳುವಾಗ, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ದ್ರವ ಜಾರುತ್ತದೆ, ಏನೂ ಸವೆಯುವುದಿಲ್ಲ. ಇಲ್ಲಿ ಕಾರು ತೆವಳುವಾಗಲೆಲ್ಲ ಕಂಪ್ಯೂಟರು ಮೊದಲ ಗೇರಿನ ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜಿಸುತ್ತಿರುತ್ತದೆ, ಅಂದರೆ ಕಲಿಯುವ ಹುಡುಗ ಮೇಲುಸೇತುವೆಯ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಂತಂತೆ. ಮನೆಯಿಂದ ಮಂಡಿಗೆ, ಮಂಡಿಯಿಂದ ಬ್ಯಾಂಕಿಗೆ, ಅಲ್ಲಿಂದ ಗಾಂಧಿ ಸರ್ಕಲ್ ದಾಟಿ ಮನೆಗೆ, ಏಪ್ರಿಲ್ ತಿಂಗಳ ನಲವತ್ತು ಡಿಗ್ರಿಯ ಸಮೀಪದ ಬಿಸಿಲಿನಲ್ಲಿ, ಲಾರಿಗಳ ಹಿಂದೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಸಾಗುವ ದಿನಚರಿ ಈ ಬಗೆಯ ಗೇರ್‌ಬಾಕ್ಸಿಗೆ ಹೇಳಿ ಮಾಡಿಸಿದ ಶಿಕ್ಷೆ.

ಆದರೂ ಈ ಕಾರಿನ ಈಗಿನ ಕಾಯಿಲೆ ಕ್ಲಚ್ಚಿನದಲ್ಲ ಎಂದು ನನಗೆ ಪತ್ರ ಓದುವಾಗಲೇ ಅನುಮಾನ ಬಂದಿತ್ತು. ಮೊದಲ ಗೇರು ಒಂದು ಕ್ಲಚ್ಚಿನದು, ರಿವರ್ಸ್ ಇನ್ನೊಂದರದು. ಎರಡೂ ಒಟ್ಟಿಗೆ ತಕರಾರು ತೆಗೆದರೆ ದೋಷವನ್ನು ಎರಡಕ್ಕೂ ಸಮಾನವಾದ ಜಾಗದಲ್ಲಿ ಹುಡುಕಬೇಕು. ಅದು ಮೆಕಾಟ್ರಾನಿಕ್ ಎಂಬ ಘಟಕ. ವಿದ್ಯುತ್ ಪಂಪು, ಒತ್ತಡ ಹಿಡಿದಿಡುವ ಅಕ್ಯುಮ್ಯುಲೇಟರ್, ಕವಾಟಗಳು, ಅವನ್ನು ಆಳುವ ಸರ್ಕ್ಯೂಟ್ ಬೋರ್ಡು, ಇಷ್ಟನ್ನೂ ಒಂದೇ ಅಲ್ಯೂಮಿನಿಯಂ ಕವಚದಲ್ಲಿ ತುಂಬಿ ಗೇರ್‌ಬಾಕ್ಸಿನ ಬದಿಗೆ ಅಂಟಿಸಿರುತ್ತಾರೆ. ಅದರೊಳಗಿನ ಎಣ್ಣೆಯ ಒತ್ತಡ ಸುಮಾರು 40ರಿಂದ 60 ಬಾರ್ ನಡುವೆ ಇರಬೇಕು. ಸರಿಯಾದ ಬ್ಯಾಟರಿಯೊಂದನ್ನು ತಾತ್ಕಾಲಿಕವಾಗಿ ಜೋಡಿಸಿ, ಹಳೆಯ ದೋಷಗಳನ್ನೆಲ್ಲ ಅಳಿಸಿ, ಎಂಜಿನ್ ಆಫ್ ಮಾಡಿ ಇಗ್ನಿಷನ್ ಮಾತ್ರ ಆನ್ ಇಟ್ಟು ಸ್ಕ್ಯಾನರಿನಲ್ಲಿ ಒತ್ತಡದ ಅಂಕಿಯನ್ನೇ ನೋಡುತ್ತ ಕುಳಿತೆವು. ಪಂಪು ಗುಂಯ್ ಎಂದು ಓಡಿ ಅಂಕಿ 58ಕ್ಕೆ ಏರಿತು, ನಿಂತಿತು. ಯಾರೂ ಗೇರ್ ಮುಟ್ಟದಿದ್ದರೂ ಅಂಕಿ ಇಳಿಯುತ್ತ ಬಂದು ಹನ್ನೊಂದು ಸೆಕೆಂಡಿಗೆ 41 ಆಯಿತು, ಪಂಪು ಮತ್ತೆ ಗುಂಯ್ ಎಂದಿತು. ಹೀಗೆ ಐದು ನಿಮಿಷ ನೋಡಿದ ಮೇಲೆ ಓದುಗರೇ “ಟ್ಯಾಂಕಿನ ತಳದಲ್ಲಿ ತೂತು ಬಿದ್ದಂತಿದೆಯಲ್ಲ” ಎಂದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಹದಿನಾಲ್ಕು ದೋಷಗಳಲ್ಲಿ ಮರಳಿ ಬಂದದ್ದು ಒಂದೇ, ಒತ್ತಡದ್ದು.

ಅಕ್ಯುಮ್ಯುಲೇಟರ್ ಕೂರುವ ಜಾಗದ ಲೋಹ ಸೀಳಿ ಒತ್ತಡ ಸೋರುವುದು ಈ ಗೇರ್‌ಬಾಕ್ಸಿನ ಗೊತ್ತಿರುವ ದೌರ್ಬಲ್ಯ. ಈ ಕಾರಿನಲ್ಲೂ ಅದೇ ಆಗಿರುವ ಸಾಧ್ಯತೆ ಹೆಚ್ಚು; ಬಿಚ್ಚಿ ನೋಡದೆ ಖಚಿತವಾಗಿ ಹೇಳಲಾರೆ. ಇದೇ ಗೇರ್‌ಬಾಕ್ಸನ್ನು ಒಂದೇ ಸಮೂಹದ ಹಲವು ಹೆಸರಿನ ಕಾರುಗಳಿಗೆ ಹಾಕಲಾಗಿದೆ; 2013ರಲ್ಲಿ ಚೀನಾದಲ್ಲಿ ಈ ಮಾದರಿಯ ಗೇರ್‌ಬಾಕ್ಸ್ ಇದ್ದ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಬೇಕಾಯಿತು, ಒಳಗಿನ ಎಣ್ಣೆಯ ಬಗೆಯನ್ನೇ ಬದಲಿಸಬೇಕಾಯಿತು. ನಾನು ಕಂಪನಿಯ ಹೆಸರು ಬಿಟ್ಟದ್ದು ಈ ಕಾರಣಕ್ಕೆ. ಅದೇ ಲಾಂಛನದ, ಅದೇ ವರ್ಷದ, ಕೈಯಿಂದ ಗೇರ್ ಹಾಕುವ ಕಾರೊಂದು ಹರಿಹರದಿಂದ ನನ್ನಲ್ಲಿಗೆ ಬರುತ್ತದೆ. 1,60,000 ಕಿಲೋಮೀಟರ್ ದಾಟಿದ್ದರೂ ಒಮ್ಮೆ ಕ್ಲಚ್ ಪ್ಲೇಟ್ ಬಿಟ್ಟು ಬೇರೇನನ್ನೂ ಕೇಳಿಲ್ಲ. ಹೆಸರು ಹೇಳಿದರೆ ಆ ಮಾಲೀಕರೂ ನಾಳೆ ಕಾರು ಮಾರಲು ಓಡುತ್ತಾರೆ, ಇತ್ತ ಅದೇ ಗೇರ್‌ಬಾಕ್ಸ್ ಇರುವ ಬೇರೆ ಹೆಸರಿನ ಕಾರನ್ನು ಇನ್ನೊಬ್ಬರು ನೆಮ್ಮದಿಯಿಂದ ಕೊಂಡುಕೊಳ್ಳುತ್ತಾರೆ.

ಪರಂಪರೆ ಎಲ್ಲಿ ಹೋಯಿತು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಲಾಂಛನವೆಂಬುದು ಮನೆತನದ ಹೆಸರಿದ್ದಂತೆ. ಹೆಸರು ಉಳಿದ ಮಾತ್ರಕ್ಕೆ ಮನೆಯೊಳಗಿನವರು ಅವರೇ ಆಗಿರಬೇಕಿಲ್ಲ. ಜಾಗ್ವಾರನ್ನು ನೋಡಿ. 1922ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಮೋಟರ್‌ಸೈಕಲ್ಲಿಗೆ ಸೈಡ್‌ಕಾರ್ ಮಾಡುವ ಸಣ್ಣ ಕಾರ್ಖಾನೆಯಾಗಿ ಶುರುವಾದ ಸಂಸ್ಥೆ ಅದು. 1951ರಿಂದ 1957ರೊಳಗೆ ಫ್ರಾನ್ಸಿನ ಲೆ ಮಾನ್ಸ್‌ನ ಇಪ್ಪತ್ನಾಲ್ಕು ಗಂಟೆಯ ಕಾರ್ ಓಟವನ್ನು ಐದು ಸಲ ಗೆದ್ದಿತು, 1961ರಲ್ಲಿ ಇ-ಟೈಪ್ ಎಂಬ, ಇಂದಿಗೂ ಜನ ನಿಂತು ನೋಡುವ ಕಾರನ್ನು ಕೊಟ್ಟಿತು. 1966ರಲ್ಲಿ ಬ್ರಿಟಿಷ್ ಮೋಟರ್ ಕಾರ್ಪೊರೇಶನ್ನಿನೊಡನೆ ಸೇರಿ, 1968ರಲ್ಲಿ ಬ್ರಿಟಿಷ್ ಲೇಲ್ಯಾಂಡಿನ ಪಾಲಾಗಿ, 1975ರಲ್ಲಿ ಆ ಇಡೀ ಸಮೂಹವೇ ಸರ್ಕಾರದ ಕೈಗೆ ಹೋಯಿತು. ಎಪ್ಪತ್ತರ ದಶಕದ ಅದರ ಕಾರುಗಳ ಗುಣಮಟ್ಟ ಎಷ್ಟು ಕುಸಿಯಿತೆಂದರೆ, ಅವಕ್ಕೆ ವಿದ್ಯುತ್ ಭಾಗಗಳನ್ನು ಪೂರೈಸುತ್ತಿದ್ದ ಲೂಕಾಸ್ ಸಂಸ್ಥೆಯನ್ನು ಮಾಲೀಕರು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡತೊಡಗಿದರು. 1980ರಲ್ಲಿ ಮುಖ್ಯಸ್ಥರಾಗಿ ಬಂದ ಜಾನ್ ಈಗನ್, ಹಾಳಾಗುತ್ತಿದ್ದ ಬಿಡಿಭಾಗಗಳ ಪೂರೈಕೆದಾರರನ್ನು ಹಿಡಿದು ಕೂರಿಸಿ ಗುಣಮಟ್ಟವನ್ನು ಮೇಲೆತ್ತಿದರು. 1989ರಲ್ಲಿ ಫೋರ್ಡ್ ಕೊಂಡಿತು, 2008ರಲ್ಲಿ ಲ್ಯಾಂಡ್ ರೋವರ್ ಸಮೇತ ಸುಮಾರು 230 ಕೋಟಿ ಡಾಲರಿಗೆ ಟಾಟಾ ಮೋಟರ್ಸ್ ಕೊಂಡಿತು. ಇಷ್ಟು ಕೈ ಬದಲಾದರೂ ಜಾಗ್ವಾರ್ ಎಂಬ ಹೆಸರು ಮಾತ್ರ ಅದೇ. ಒಂದೇ ಹೆಸರಿನ ಕೆಳಗೆ ಅತ್ಯುತ್ತಮ ಕಾರೂ ಬಂದಿದೆ, ಅಧ್ವಾನದ ಕಾರೂ ಬಂದಿದೆ, ಮತ್ತೆ ಸುಧಾರಿಸಿದ ಕಾರೂ ಬಂದಿದೆ. ಹೆಸರನ್ನು ಕಾರಿನಿಂದ ಬಿಡಿಸಿ ಮಾರಬಹುದು ಎಂಬುದನ್ನು ನಮ್ಮ ಅಂಬಾಸಡರೇ ತೋರಿಸಿದೆ: 2014ರಲ್ಲಿ ಅದರ ತಯಾರಿಕೆ ನಿಂತಿತು, 2017ರಲ್ಲಿ ಆ ಹೆಸರೊಂದೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೊ ಸಮೂಹಕ್ಕೆ ಮಾರಾಟವಾಯಿತು.

ಓದುಗರ ತಂದೆಯವರ ಪದ್ಮಿನಿಯ ಗಟ್ಟಿತನದ ಬಗ್ಗೆಯೂ ಒಂದು ಮಾತು ಹೇಳಬೇಕು, ಅದನ್ನು ಅವರು ಬೇಸರ ಮಾಡಿಕೊಳ್ಳದೆ ಕೇಳುತ್ತಾರೆಂದು ನಂಬಿದ್ದೇನೆ. ಅದು ಮೂಲದಲ್ಲಿ ಇಟಲಿಯ ಫಿಯೆಟ್ 1100, ನಮ್ಮಲ್ಲಿ 1964ರಿಂದ ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದದ್ದು. ಅದೇ 1089 ಸಿಸಿ ಎಂಜಿನ್ನು ದೊಡ್ಡ ಬದಲಾವಣೆಯಿಲ್ಲದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂತು. ಹಾಗಾಗಿ ಕಾರವಾರದಿಂದ ಕೋಲಾರದವರೆಗೆ ಯಾವ ಊರಿನ ಮೇಸ್ತ್ರಿಗೂ ಅದರ ಹೊಟ್ಟೆಯೊಳಗಿನದು ಕಂಠಪಾಠವಾಗಿತ್ತು. ಕಾರ್ಬುರೇಟರ್ ಯುಗದ ಕಾರುಗಳು ಕೆಡುತ್ತಿರಲಿಲ್ಲ ಎನ್ನುವುದು ನೆನಪು ಮಾಡುವ ಮೋಸ. ಪಾಯಿಂಟ್ ಉಜ್ಜುವುದು, ಕಂಡೆನ್ಸರ್ ಬದಲಿಸುವುದು, ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಎಂಜಿನ್ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವುದು, ಇವೆಲ್ಲ ಚಿತ್ರದುರ್ಗ ದಾಟುವ ಪ್ರತಿಯೊಂದು ಪ್ರಯಾಣದ ಭಾಗವೇ ಆಗಿದ್ದವು. ವ್ಯತ್ಯಾಸ ಇಷ್ಟೇ: ಆಗ ಕೆಟ್ಟದ್ದನ್ನು ರಸ್ತೆಬದಿಯಲ್ಲಿ, ಹತ್ತಿಪ್ಪತ್ತು ರೂಪಾಯಿಯಲ್ಲಿ ಸರಿಮಾಡಬಹುದಿತ್ತು. ಈಗಿನ ಕಾರು ಅಪರೂಪಕ್ಕೆ ಕೆಡುತ್ತದೆ, ಕೆಟ್ಟರೆ 150 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ 260 ಕಿಲೋಮೀಟರ್ ದೂರದ ಬೆಂಗಳೂರಿಗೋ ಲಾರಿಯ ಮೇಲೆ ಮಲಗಿ ಹೋಗುತ್ತದೆ. ಎಳೆಸಿದ 30,000 ರೂಪಾಯಿ ಕಾರಿನ ದೋಷದಷ್ಟೇ ಊರಿನ ದೂರದ ಬೆಲೆ.

ಎಥೆನಾಲಿನ ಮಾತಿಗೆ ಸಂಕ್ಷೇಪವಾಗಿ ಉತ್ತರಿಸುತ್ತೇನೆ. 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲಿನಿಂದ, ಅದಕ್ಕೆಂದು ಹೊಂದಿಸದ ಹಳೆಯ ಕಾರುಗಳ ಮೈಲೇಜು 6ರಿಂದ 7 ಶೇಕಡಾ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಹಳೆಯ ರಬ್ಬರ್ ಭಾಗಗಳಿಗೂ ಅದು ಒಗ್ಗುವುದಿಲ್ಲ. ಆದರೆ ಗೇರ್‌ಬಾಕ್ಸಿನೊಳಕ್ಕೆ ಪೆಟ್ರೋಲ್ ಹೋಗುವುದೇ ಇಲ್ಲ.

ಈಗ ದಾರಿಗಳು. ಕಳೆದ 13,000 ಕಿಲೋಮೀಟರಿಗೆ ದುರಸ್ತಿಯ ವೆಚ್ಚ ಕಿಲೋಮೀಟರಿಗೆ 14 ರೂಪಾಯಿಯ ಮೇಲೆ ಬಿದ್ದಿದೆ, ಅಂದರೆ ಪೆಟ್ರೋಲಿಗಿಂತ ಹೆಚ್ಚು. ಆದರೆ ಆ ಮೊತ್ತದಲ್ಲಿ ಇಲಿಯದ್ದು, ಬ್ಯಾಟರಿಯದ್ದು ಮತ್ತೆ ಬರಬೇಕಾಗಿಲ್ಲ. ಹೊಸ ಮೆಕಾಟ್ರಾನಿಕ್‌ಗೆ 2,35,000 ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿದ್ದರೂ ಐದು ಲಕ್ಷದ ಆಸುಪಾಸು ಬಾಳುವ ಕಾರಿಗೆ ಅದರ ಅರ್ಧದಷ್ಟನ್ನು ಒಂದೇ ಭಾಗಕ್ಕೆ ಸುರಿಯುವುದು ಲೆಕ್ಕಕ್ಕೆ ಕೂರುವುದಿಲ್ಲ. ಬೆಂಗಳೂರಿನಲ್ಲಿ ಈ ಘಟಕವನ್ನು ಬಿಚ್ಚಿ, ಸೀಳಿದ ಅಕ್ಯುಮ್ಯುಲೇಟರ್ ಕವಚವನ್ನು ದಪ್ಪನೆಯದಕ್ಕೆ ಬದಲಿಸಿ, ಬೋರ್ಡನ್ನು ಪರೀಕ್ಷಿಸಿ ಕೊಡುವ ಸ್ವತಂತ್ರ ದುರಸ್ತಿಗಾರರಿದ್ದಾರೆ. ಹೊಸದರ ಮೂರನೇ ಒಂದು ಭಾಗದಿಂದ ಅರ್ಧದೊಳಗೆ ಕೆಲಸ ಮುಗಿಯುತ್ತದೆ. ಅಪಾಯವೂ ಇದೆ. ಅವರ ಖಾತರಿ ಆರು ತಿಂಗಳೋ ಒಂದು ವರ್ಷವೋ ಅಷ್ಟೇ. ಕೆಲಸದ ಮಟ್ಟ ಕೈಯಿಂದ ಕೈಗೆ ಬದಲಾಗುತ್ತದೆ. ಘಟಕವನ್ನು ಮರಳಿ ಜೋಡಿಸಿದ ಮೇಲೆ ಕ್ಲಚ್ ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸದಿದ್ದರೆ ಹೊಸ ಕ್ಲಚ್ಚೂ ನಡುಗುತ್ತದೆ. ಕೆಲಸ ಕೊಡುವ ಮುಂಚೆ ಒತ್ತಡದ ಅಂಕಿಯನ್ನು ಬರೆಸಿಕೊಳ್ಳಿ, ಕೆಲಸವಾದ ಮೇಲೆ ನಿಮ್ಮೆದುರಿಗೇ ಮತ್ತೆ ಅಳೆಯಿಸಿ, ಬಿಚ್ಚಿದ ಹಳೆಯ ಭಾಗವನ್ನು ಕೈಗೆ ತೆಗೆದುಕೊಳ್ಳಿ. ಕ್ಲಚ್ ಸೆಟ್ಟು ಬದಲಿಸಿದಾಗ ಹಳೆಯದನ್ನು ಕೇಳಿ ಪಡೆದಿದ್ದರೆ ಅದು ನಿಜಕ್ಕೂ ಸವೆದಿತ್ತೇ ಎಂಬುದು ಇಂದು ಗೊತ್ತಾಗುತ್ತಿತ್ತು. ಪಡೆದಿಲ್ಲವಾದ್ದರಿಂದ ಆ 98,500 ರೂಪಾಯಿಯ ಬಗ್ಗೆ ನಾನು ‘ಬಹುಶಃ’ ಎಂದಷ್ಟೇ ಹೇಳಬಲ್ಲೆ.

ಈಗಿರುವಂತೆಯೇ ಮಾರುವುದು ಎರಡನೆಯ ದಾರಿ. ದೋಷವನ್ನು ಹೇಳಿ ಮಾರಿದರೆ ಎರಡೂವರೆಯಿಂದ ಮೂರು ಲಕ್ಷದ ಮೇಲೆ ನಿರೀಕ್ಷಿಸಬೇಡಿ. ದೋಷದ ಸಂಕೇತಗಳನ್ನು ಅಳಿಸಿ, ಸೂಚಕ ಮತ್ತೆ ಮಿಣುಕುವ ಮುಂಚೆಯೇ ಯಾರಿಗಾದರೂ ದಾಟಿಸಿಬಿಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ಬಹುಶಃ ನಿಮಗೂ ಈ ಕಾರು ಬಂದದ್ದು ಹಾಗೆಯೇ. ದುರಸ್ತಿ ಮಾಡಿಸಿ, ಆರು ತಿಂಗಳು ಓಡಿಸಿ, ಎಲ್ಲ ಬಿಲ್ಲುಗಳೊಂದಿಗೆ ಮಾರುವುದು ನನ್ನ ಲೆಕ್ಕದಲ್ಲಿ ಲಾಭವೂ ಹೌದು, ರಾತ್ರಿ ನಿದ್ದೆಗೂ ಒಳ್ಳೆಯದು.

ಇಟ್ಟುಕೊಳ್ಳುವುದಾದರೆ ಊರೊಳಗಿನ ಓಡಾಟಕ್ಕೆ ಬೇರೆ ಗಾಡಿ ಇರಲಿ, ಇದನ್ನು ಹೆದ್ದಾರಿಗೆ ಮೀಸಲಿಡಿ. ದಟ್ಟಣೆಯಲ್ಲಿ ಮುಂದಿನ ಗಾಡಿ ಒಂದೊಂದು ಅಡಿ ಸರಿದಾಗಲೂ ಹಿಂಬಾಲಿಸಬೇಡಿ. ಎರಡು ಕಾರಿನಷ್ಟು ಜಾಗ ಬಿಟ್ಟು ಒಮ್ಮೆಗೇ ಸರಿಯಿರಿ. ಏರಿನಲ್ಲಿ ಎಕ್ಸಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಬಳಸಿ. ಕಾರನ್ನು ಗೋದಾಮಿನ ಗೋಡೆಯಿಂದ ದೂರ ನಿಲ್ಲಿಸುವುದನ್ನು ಇವತ್ತಿನಿಂದಲೇ ಶುರುಮಾಡಿ.

ಗ್ರಾಹಕರ ಆಯೋಗದ ವಿಷಯ. ನಾನು ವಕೀಲನಲ್ಲ, ತಾಂತ್ರಿಕ ಅಭಿಪ್ರಾಯ ಕೊಡಲು ಹೋಗಿ ಕಂಡದ್ದನ್ನು ಮಾತ್ರ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ನಿಮ್ಮ ಮೊತ್ತಕ್ಕೆ ಶುಲ್ಕ 200 ರೂಪಾಯಿ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಕೊಂಡ ದಿನದಿಂದ ಎಣಿಸಿದರೆ ನಿಮಗಿರುವುದು ಐದು ತಿಂಗಳು. ಹೊಸ ಕಾರನ್ನೇ ಕೊಡಿಸುತ್ತಾರೆ ಎಂಬುದು ನಮ್ಮಲ್ಲಿ ಬೇರೂರಿರುವ ಭ್ರಮೆ. ವಾರಂಟಿಯ ಕರಾರು ದೋಷವಿರುವ ಭಾಗವನ್ನು ಬದಲಿಸುವುದಕ್ಕೆ ಸೀಮಿತವಾಗಿದ್ದರೆ ಇಡೀ ಕಾರನ್ನು ಬದಲಿಸಿಕೊಡಬೇಕಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದೆ. ನಿಮ್ಮದಾದರೋ ತಯಾರಕರ ವಾರಂಟಿ ಮುಗಿದ, ಎರಡನೇ ಕೈಯ ಕಾರು. ತಯಾರಿಕೆಯ ದೋಷವನ್ನು ಸಾಬೀತುಪಡಿಸಲು ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕವನ್ನು ನೀವು ಕಟ್ಟಬೇಕಾದೀತು, ಅಷ್ಟರವರೆಗೆ ಕಾರನ್ನು ಬಿಚ್ಚಿಸುವಂತಿಲ್ಲ. ಮಾರಾಟಗಾರರ ಮೇಲಿನ ದೂರಿಗೆ ಸ್ವಲ್ಪ ಬಲವಿದೆ. ಅವರು ಕೊಟ್ಟ ತಪಾಸಣಾ ಹಾಳೆಯಲ್ಲಿ ಗೇರ್‌ಬಾಕ್ಸಿನ ಮುಂದೆ ‘ಸರಿಯಿದೆ’ ಎಂಬ ಗುರುತಿದೆ. ಆದರೆ ಮೊದಲ ಸಲ ಸೂಚಕ ಮಿಣುಕಿದ್ದು ಐದನೆಯ ತಿಂಗಳಲ್ಲಾದ್ದರಿಂದ ಆ ದಿನ ಸರಿಯಾಗಿಯೇ ಇತ್ತು ಎಂದು ಅವರು ವಾದಿಸುತ್ತಾರೆ, ಆ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗುವುದಿಲ್ಲ. ಮೊದಲು 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಖರ್ಚಿಲ್ಲದ ಹೆಜ್ಜೆ ಅದು. 2021ರ ಏಪ್ರಿಲ್‌ನಿಂದ ಕಾರುಗಳನ್ನು ಕಡ್ಡಾಯವಾಗಿ ವಾಪಸು ಕರೆಸುವ ನಿಯಮ ನಮ್ಮಲ್ಲೂ ಇದೆ, ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ಆದರೂ ಚಾಸಿಸ್ ಸಂಖ್ಯೆ ಕೊಟ್ಟು, ಈ ಕಾರಿಗೆ ಕಂಪನಿಯಿಂದ ಬಾಕಿ ಉಳಿದ ಉಚಿತ ದುರಸ್ತಿ ಏನಾದರೂ ಇದೆಯೇ ಎಂದು ಕಂಪನಿಗೆ ಲಿಖಿತವಾಗಿ ಕೇಳಿ. ಮೊದಲ ಮಾಲೀಕರು ಮಾಡಿಸದೆ ಬಿಟ್ಟದ್ದು ಎರಡನೆಯವರಿಗೆ ಸಿಕ್ಕ ನಿದರ್ಶನಗಳನ್ನು ನಾನು ಕಂಡಿದ್ದೇನೆ.

ನನ್ನ ಸಲಹೆ ಇದು: ಇದೇ ತಿಂಗಳು ಸಹಾಯವಾಣಿಗೆ ಮತ್ತು ಕಂಪನಿಗೆ ಬರೆಯಿರಿ, ಆರು ವಾರ ಕಾಯಿರಿ, ಏನೂ ಆಗದಿದ್ದರೆ ಮೆಕಾಟ್ರಾನಿಕ್ಕನ್ನು ದುರಸ್ತಿ ಮಾಡಿಸಿ, ಮುಂದಿನ ಬೇಸಿಗೆಗೆ ಮುಂಚೆ ಮಾರಿ. ಮುಂದಿನ ಕಾರು ಅದೇ ಲಾಂಛನದ್ದಾದರೂ ನನ್ನ ತಕರಾರಿಲ್ಲ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಆಗಿರಲಿ ಅಥವಾ ಕೈಗೇರಿನದಾಗಿರಲಿ, ಅದರ ಅಧಿಕೃತ ಸರ್ವಿಸ್ ಊರಿನಲ್ಲೇ ಇರಲಿ.

ಪದ್ಮಿನಿಯನ್ನು ದಿನಾ ಓಡಿಸಬೇಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಏರ್‌ಬ್ಯಾಗಿಲ್ಲ. ಈಗಿನ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿರುವವನು ನೀವು ನಿಲ್ಲುವಷ್ಟು ನಿಧಾನವಾಗಿ ನಿಲ್ಲುವುದಿಲ್ಲ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಭಾನುವಾರ ಬೆಳಗ್ಗೆ ಆರು ಗಂಟೆಗೆ ಒಂದು ಸುತ್ತು ಹೊಡೆಯಿರಿ. ಎಥೆನಾಲಿನ ಭಯ ನಿಜವಾಗುವುದು ಆ ಕಾರಿನಲ್ಲಿಯೇ. ಪಂಪಿನ ಡಯಾಫ್ರಾಮ್, ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ಎಥೆನಾಲ್ ತಾಳುವ ರಬ್ಬರಿನವಕ್ಕೆ ಬದಲಿಸಿ. ವರ್ಷವಿಡೀ ನಿಂತ ಟ್ಯಾಂಕಿನ ತಳದಲ್ಲಿ ಎಥೆನಾಲ್ ಹೀರಿಕೊಂಡ ನೀರು ಕೂತಿರುತ್ತದೆ, ಈ ಸಲ ಆಯುಧಪೂಜೆಗೆ ಕೀ ತಿರುಗಿಸುವ ಮುಂಚೆ ಅದನ್ನು ಪೂರ್ತಿ ಬಸಿದು ತೆಗೆಸಿ.